ಕಳ್ಳ ಯಾರೆಂದು ಮೊದಲೇ ಗೊತ್ತಾದ ಮೇಲೆ ಪತ್ತೆಹಚ್ಚುವುದು ಏನನ್ನು?

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಎರಿಖ್ ಕೆಸ್ಟ್ನರ್ ಬರೆದ ‘ಎಮಿಲ್ ಮತ್ತು ಪತ್ತೇದಾರರು’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಕೊಡಿಸಬೇಕೆಂದಿದ್ದೇನೆ. ಓದಿದವರ ಅಭಿಪ್ರಾಯಗಳನ್ನು ನೋಡಿ ತಲೆ ಕೆಟ್ಟಿದೆ. ಮಕ್ಕಳ ಪತ್ತೇದಾರಿ ಕಾದಂಬರಿಗಳಿಗೆಲ್ಲ ಇದೇ ಮೂಲ ಎಂದು ಕೆಲವರು ಹೊಗಳುತ್ತಾರೆ. ಇನ್ನು ಕೆಲವರು ಕಳ್ಳ ಯಾರೆಂದು ಆರಂಭದಲ್ಲೇ ತಿಳಿಯುತ್ತದೆ, ಇದರಲ್ಲಿ ರಹಸ್ಯವೇ ಇಲ್ಲ ಎನ್ನುತ್ತಾರೆ. ಹುಡುಗ ಅತಿ ಸಂಭಾವಿತ, ಹುಡುಗಿಗೆ ಕೆಲಸವೇ ಇಲ್ಲ, ಆರಂಭ ನಿಧಾನ ಎಂಬ ದೂರುಗಳೂ ಇವೆ. ಒಬ್ಬರಂತೂ ನೂರು ಮಕ್ಕಳು ಸೇರಿ ಒಬ್ಬ ಮನುಷ್ಯನನ್ನು ಬೆನ್ನಟ್ಟುವುದನ್ನು ಓದಿ ಭಯವಾಯಿತು ಎಂದು ಬರೆದಿದ್ದಾರೆ. ಯಾರ ಮಾತು ನಂಬಲಿ?

ಉತ್ತರ: ಪುಸ್ತಕವನ್ನು ಕೊಡಿಸಿ. ನೀವು ಪಟ್ಟಿ ಮಾಡಿದ ದೂರುಗಳಲ್ಲಿ ಹುಡುಗಿಯ ಬಗೆಗಿನದು ಬಹುಮಟ್ಟಿಗೆ ಸರಿ. ಗುಂಪಿನ ಬಗೆಗಿನದು ನಿಂತು ಯೋಚಿಸಬೇಕಾದ್ದು. ಮಿಕ್ಕವು, ಪತ್ತೇದಾರಿ ಎಂಬ ಪದವನ್ನು ನೋಡಿ ಬೇರೊಂದು ಬಗೆಯ ಪುಸ್ತಕವನ್ನು ನಿರೀಕ್ಷಿಸಿದವರ ನಿರಾಸೆ.

ರಹಸ್ಯವಿಲ್ಲ ಎಂಬ ದೂರಿನಿಂದಲೇ ಶುರುಮಾಡೋಣ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ. ಎಮಿಲ್ ಟಿಶ್‌ಬೈನ್ ನಾಯ್‌ಸ್ಟಾಟ್ ಎಂಬ ಸಣ್ಣ ಊರಿನ ಹುಡುಗ. ತಂದೆ ತೀರಿಕೊಂಡಿದ್ದಾರೆ. ತಾಯಿ ಮನೆಯಲ್ಲೇ ಹೆಂಗಸರ ತಲೆಗೂದಲು ತೊಳೆದು, ಸಿಂಗರಿಸಿ ಸಂಸಾರ ನಡೆಸುತ್ತಾಳೆ. ಹುಡುಗ ರಜೆಗೆ ಬರ್ಲಿನ್ನಿಗೆ ಒಬ್ಬನೇ ರೈಲಿನಲ್ಲಿ ಹೊರಟಿದ್ದಾನೆ. ಅವನ ಬಳಿ ಅಜ್ಜಿಗೆ ಕೊಡಬೇಕಾದ 120 ಮಾರ್ಕ್ ಮತ್ತು ಅವನ ಸ್ವಂತ ಖರ್ಚಿಗೆ 20 ಮಾರ್ಕ್ ಇವೆ. ಒಂದು ನೂರರ ನೋಟು, ಎರಡು ಇಪ್ಪತ್ತರ ನೋಟುಗಳು. ದುಡ್ಡು ಬಿದ್ದುಹೋದೀತೆಂಬ ಭಯದಿಂದ ರೈಲಿನ ಶೌಚಾಲಯಕ್ಕೆ ಹೋಗಿ, ಕೋಟಿನಲ್ಲಿದ್ದ ಗುಂಡುಸೂಜಿಯನ್ನು ತೆಗೆದು ಮೂರೂ ನೋಟು, ಅವುಗಳ ಲಕೋಟೆ, ಕೋಟಿನ ಒಳ ಅಸ್ತರಿ ಎಲ್ಲವನ್ನೂ ಸೇರಿಸಿ ಚುಚ್ಚಿ ಬರುತ್ತಾನೆ. ಅದೇ ಡಬ್ಬಿಯಲ್ಲಿ ಗಟ್ಟಿ ಟೊಪ್ಪಿಗೆಯ ಒಬ್ಬ ಮನುಷ್ಯ ಕೂತಿದ್ದಾನೆ. ಹೆಸರು ಗ್ರುಂಡೈಸ್ ಎನ್ನುತ್ತಾನೆ, ಚಾಕೊಲೇಟ್ ಕೊಡುತ್ತಾನೆ, ಬರ್ಲಿನ್ನಿನ ಬಗ್ಗೆ ಸುಳ್ಳುಗಳನ್ನು ಹೊಸೆಯುತ್ತಾನೆ. ಎಮಿಲ್ ನಿದ್ದೆಹೋಗುತ್ತಾನೆ. ಎಚ್ಚರವಾದಾಗ ಆ ಮನುಷ್ಯನೂ ಇಲ್ಲ, ದುಡ್ಡೂ ಇಲ್ಲ. ರೈಲು ಬರ್ಲಿನ್ನಿನ ಝೂ ನಿಲ್ದಾಣದಲ್ಲಿ ನಿಂತಾಗ ಜನಸಂದಣಿಯಲ್ಲಿ ಆ ಟೊಪ್ಪಿಗೆ ಕಾಣಿಸುತ್ತದೆ. ಅಜ್ಜಿ ಕಾಯುತ್ತಿರುವುದು ಫ್ರೀಡ್ರಿಖ್‌ಸ್ಟ್ರಾಸೆ ನಿಲ್ದಾಣದಲ್ಲಿ. ಎಮಿಲ್ ಇಲ್ಲೇ ಇಳಿದುಬಿಡುತ್ತಾನೆ.

ಅಲ್ಲಿಗೆ ಕಳ್ಳ ಯಾರೆಂಬುದು ಮುಗಿದ ಮಾತು. ಹುಡುಗನಿಗೂ ಗೊತ್ತು, ಓದುಗರಿಗೂ ಗೊತ್ತು. ಇನ್ನುಳಿದ ಪುಟಗಳೆಲ್ಲ ಬೇರೆ ಪ್ರಶ್ನೆಯ ಮೇಲೆ ನಿಂತಿವೆ: ಈ ದುಡ್ಡು ನನ್ನದು ಎಂದು ತೋರಿಸಿಕೊಡುವುದು ಹೇಗೆ? ಬೀದಿಯಲ್ಲಿ ಪರಿಚಯವಾದ ಬರ್ಲಿನ್ ಹುಡುಗರ ಸಭೆಯಲ್ಲಿ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ. ಅವನು ಕದ್ದದ್ದನ್ನು ನಾವು ಅವನಿಂದ ಕದ್ದರೆ ಆಯಿತಲ್ಲ ಎನ್ನುವ ಮಾತು ಏಳುತ್ತದೆ. ಪ್ರೊಫೆಸರ್ ಎಂಬ ಅಡ್ಡಹೆಸರಿನ ಹುಡುಗ ಒಪ್ಪುವುದಿಲ್ಲ. ಗುಟ್ಟಾಗಿ ತೆಗೆದುಕೊಂಡರೆ ನಾವೂ ಕಳ್ಳರೇ, ಆ ವಸ್ತು ಮೊದಲು ಯಾರದಾಗಿತ್ತು ಎಂಬುದರಿಂದ ಏನೂ ಬದಲಾಗದು ಎನ್ನುತ್ತಾನೆ. ಆ ಒಂದು ವಾದದಿಂದ ಕತೆಯ ದಾರಿಯೇ ತಿರುಗುತ್ತದೆ. ಮಕ್ಕಳು ಕಳ್ಳನ ಜೇಬಿಗೆ ಕೈಹಾಕುವಂತಿಲ್ಲ. ಅವನ ಮೇಲೆ ಕಣ್ಣಿಟ್ಟು, ಅವನನ್ನು ಒಪ್ಪಿಕೊಳ್ಳಲೇಬೇಕಾದ ಜಾಗಕ್ಕೆ ತಂದು ನಿಲ್ಲಿಸಬೇಕು.

ಅದೇ ಸಭೆಯಲ್ಲಿ ಪೆಟ್ಸೋಲ್ಡ್ ಎಂಬ ಹುಡುಗನಿದ್ದಾನೆ. ಪತ್ತೇದಾರಿ ಸಿನಿಮಾಗಳನ್ನು ನೋಡಿ ನೋಡಿ ಅವನ ತಲೆ ತುಂಬಿದೆ, ಬೆರಳಚ್ಚು ತೆಗೆಯಬೇಕೆಂದು ಹಟ ಹಿಡಿಯುತ್ತಾನೆ. ಮಿಕ್ಕವರು ಅವನನ್ನು ಗೇಲಿಮಾಡಿ ಸುಮ್ಮನಾಗಿಸುತ್ತಾರೆ. ರಹಸ್ಯವಿಲ್ಲ ಎಂದು ದೂರುವ ಓದುಗರಿಗೆ ಲೇಖಕ ಮೊದಲೇ ಕೊಟ್ಟಿಟ್ಟ ಉತ್ತರ ಈ ಪೆಟ್ಸೋಲ್ಡ್ ಎಂದೇ ನನಗೆ ಅನಿಸುವುದು.

ಕೊನೆಯನ್ನು ಮೊದಲೇ ತಿಳಿಯಲು ಇಷ್ಟವಿಲ್ಲದಿದ್ದರೆ ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ಮರುದಿನ ಬೆಳಿಗ್ಗೆ ಕಳ್ಳ ಹೋಟೆಲಿನಿಂದ ಹೊರಬಂದಾಗ ಅವನ ಹಿಂದೆಮುಂದೆ ಮಕ್ಕಳ ದಂಡು. ಗಾಬರಿಯಾಗಿ ಬ್ಯಾಂಕೊಂದಕ್ಕೆ ನುಗ್ಗಿ, ಆ ನೋಟುಗಳನ್ನೇ ಕೊಟ್ಟು ಚಿಲ್ಲರೆ ಕೇಳುತ್ತಾನೆ. ಇದು ಕದ್ದ ದುಡ್ಡು ಎಂದು ಹುಡುಗರು ಕೂಗುತ್ತಾರೆ. ಅವನು ನಗುತ್ತಾನೆ. ದೊಡ್ಡವನ ಮಾತು ಒಂದು ಕಡೆ, ಚಿಕ್ಕವನ ಮಾತು ಇನ್ನೊಂದು ಕಡೆ. ನೂರರ ನೋಟು ಊರಿನಲ್ಲಿ ಯಾರ ಬಳಿಯಾದರೂ ಇರಬಹುದು. ಆಗ ಎಮಿಲ್‌ಗೆ ಗುಂಡುಸೂಜಿ ನೆನಪಾಗುತ್ತದೆ. ನೋಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಪ್ರತಿಯೊಂದರಲ್ಲೂ ಸೂಜಿ ಚುಚ್ಚಿದ ತೂತು. ಅಷ್ಟೇ ಸಾಕಾಯಿತು. ಭಯಸ್ಥ ಹುಡುಗನ ಅತಿ ಎಚ್ಚರಿಕೆಯೆಂದು ನಾವು ನಕ್ಕು ಮರೆತಿದ್ದ ಕೆಲಸವೇ ಸಾಕ್ಷಿಯಾಗಿ ಎದುರಿಗೆ ನಿಲ್ಲುತ್ತದೆ. ಸುಳಿವನ್ನು ಓದುಗರ ಕಣ್ಣೆದುರೇ ಇಟ್ಟು, ಅದು ಸುಳಿವೆಂದು ತಿಳಿಯದಂತೆ ನೋಡಿಕೊಳ್ಳುವುದು ಪತ್ತೇದಾರಿ ಬರಹದ ಕಷ್ಟದ ಕಸುಬು. ಇಲ್ಲಿ ಅದು ಒಂದು ಗುಂಡುಸೂಜಿಯಲ್ಲಿ ನಡೆದುಹೋಗಿದೆ. ಆ ಮೇಲೆ ಕಳ್ಳ ಹ್ಯಾನೋವರ್‌ನ ಬ್ಯಾಂಕ್ ದರೋಡೆಕೋರನೆಂದು ತಿಳಿದು ಎಮಿಲ್‌ಗೆ 1000 ಮಾರ್ಕ್ ಬಹುಮಾನ ಬರುತ್ತದೆ. ಇದು ಅಗತ್ಯಕ್ಕಿಂತ ಹೆಚ್ಚು ಅನುಕೂಲವಾಯಿತು ಎಂದು ಯಾರಾದರೂ ಬರೆದಿದ್ದರೆ ನನ್ನ ಸಹಿಯೂ ಅದಕ್ಕಿರಲಿ.

ಕಳವಾದ ಕೂಡಲೇ ಎಮಿಲ್ ಪೊಲೀಸರ ಬಳಿ ಏಕೆ ಹೋಗಲಿಲ್ಲ ಎಂಬುದೂ ದೊಡ್ಡವರು ಮತ್ತೆ ಮತ್ತೆ ಎತ್ತುವ ಪ್ರಶ್ನೆ. ಕತೆಯಲ್ಲಿ ಅದಕ್ಕೆ ಕಾರಣವಿದೆ. ಊರಿನಲ್ಲಿ ಗ್ರ್ಯಾಂಡ್ ಡ್ಯೂಕ್ ಕಾರ್ಲ್ ಅವರ ಪ್ರತಿಮೆಯ ಮೂಗಿಗೆ ಅವನು ಕೆಂಪು ಬಳಿದು, ಮೀಸೆ ಬರೆದಿದ್ದಾನೆ. ಆಗಲೇ ಯೆಶ್ಕೆ ಎಂಬ ಪೊಲೀಸ್ ಅತ್ತ ಬಂದಿದ್ದರು. ಠಾಣೆಗೆ ಹೋದರೆ ಮೊದಲು ತನ್ನನ್ನೇ ಒಳಗೆ ಹಾಕುತ್ತಾರೆಂದು ಹುಡುಗನ ನಂಬಿಕೆ. ರೈಲಿನಲ್ಲಿ ಬೀಳುವ ಆ ವಿಚಿತ್ರ ಕನಸಿನಲ್ಲೂ ಕುದುರೆಗಳು ರೈಲನ್ನು ಎಳೆಯುತ್ತವೆ, ಚಾಟಿ ಹಿಡಿದು ಕೂತವರು ಇದೇ ಯೆಶ್ಕೆ. ದೊಡ್ಡವರಿಗೆ ಇದು ತರ್ಕಹೀನ ಎನಿಸಬಹುದು. ಶಾಲೆಯಲ್ಲಿ ಕಿಟಕಿ ಗಾಜು ಒಡೆದ ಮಗುವನ್ನು ಕೇಳಿನೋಡಿ, ಅದಕ್ಕೆ ಹೀಗೆ ಅನಿಸುವುದಿಲ್ಲ. ತಾನೂ ತಪ್ಪಿತಸ್ಥ ಎಂಬ ಭಯವಿದ್ದವನು ತನಗಾದ ಅನ್ಯಾಯವನ್ನು ಹೇಳಿಕೊಳ್ಳಲಾರ. ಕತೆಯ ಓಟವೆಲ್ಲ ಹುಟ್ಟುವುದು ಆ ಇಕ್ಕಟ್ಟಿನಲ್ಲೇ.

ಎಮಿಲ್ ಅತಿ ಸಂಭಾವಿತ ಎನ್ನುವವರು ದುಡ್ಡಿನ ಲೆಕ್ಕವನ್ನು ಗಮನಿಸಿರುವುದಿಲ್ಲ ಎಂದು ಕಾಣುತ್ತದೆ. ವಾರಕ್ಕೆ 35 ಮಾರ್ಕ್ ದುಡಿಯುವವರಿಗೆ 140 ಮಾರ್ಕ್ ಎಂದರೆ ದೊಡ್ಡ ಮೊತ್ತ ಎಂದು ಕಾದಂಬರಿಯೇ ಹೇಳುತ್ತದೆ. ಅಂದರೆ ತಾಯಿಯ ಪೂರ್ತಿ ನಾಲ್ಕು ವಾರಗಳ ದುಡಿಮೆ ಆ ಲಕೋಟೆಯಲ್ಲಿದೆ. ಜರ್ಮನಿಯಲ್ಲಿ 1923ರ ಮಹಾ ಹಣದುಬ್ಬರ ಜನರ ಉಳಿತಾಯವನ್ನೆಲ್ಲ ನುಂಗಿ ಆಗಿನ್ನೂ ಆರು ವರ್ಷ. ಪುಸ್ತಕ ಹೊರಬಂದ 1929ರ ಶರತ್ಕಾಲದಲ್ಲೇ ನ್ಯೂಯಾರ್ಕಿನ ಷೇರುಪೇಟೆ ಮುಗ್ಗರಿಸಿತು. ಮಕ್ಕಳ ಸಾಹಸ ಕತೆಗಳಲ್ಲಿ ನಿಧಿ, ಕಳ್ಳಸಾಗಣೆ, ಗುಪ್ತ ನಕ್ಷೆ ಇದ್ದರೆ ಇಲ್ಲಿರುವುದು ಅಜ್ಜಿಗೆ ತಲುಪಿಸಬೇಕಾದ ದುಡ್ಡು. ಮಕ್ಕಳ ಪುಸ್ತಕದಲ್ಲಿ ತಾಯಿಯ ಸಂಪಾದನೆಯನ್ನು ಅಂಕಿಯಲ್ಲಿ ಬರೆಯುವ ಲೇಖಕರು ಎಷ್ಟು ಜನ ಸಿಗುತ್ತಾರೆ? ತನ್ನ ಓದಿಗೆ, ಊಟಕ್ಕೆ ಆಕೆ ಎಷ್ಟು ತೇಯುತ್ತಾಳೆಂದು ಎಮಿಲ್ ಬಲ್ಲ. ಆದ್ದರಿಂದ ಸಿಹಿತಿಂಡಿ ಬಿಡುತ್ತೇನೆ ಎಂದು ತೀರ್ಮಾನ ಮಾಡುವವರಂತೆ, ಒಳ್ಳೆಯ ಹುಡುಗನಾಗಿರುತ್ತೇನೆ ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದಾನೆ. ಅದು ಅವನಿಗೆ ಅಷ್ಟು ಸುಲಭವೂ ಅಲ್ಲ ಎಂಬುದನ್ನು ಲೇಖಕ ಮುಚ್ಚಿಡುವುದಿಲ್ಲ. ಪ್ರತಿಮೆಗೆ ಮೀಸೆ ಬರೆದವನೂ ಅವನೇ ತಾನೆ?

ಇದು ಕೆಸ್ಟ್ನರ್ ಅವರ ಬದುಕಿಗೂ ಹತ್ತಿರ. ಹುಟ್ಟಿದ್ದು 1899ರಲ್ಲಿ ಡ್ರೆಸ್ಡೆನ್‌ನಲ್ಲಿ. ತಾಯಿ ಈಡಾ ಮನೆಯಲ್ಲೇ ಕೇಶಾಲಂಕಾರದ ಕೆಲಸ ಮಾಡುತ್ತಿದ್ದರು. ಲೇಖಕರ ಪೂರ್ಣ ಹೆಸರು ಎಮಿಲ್ ಎರಿಖ್ ಕೆಸ್ಟ್ನರ್. ಅವರು ಬರ್ಲಿನ್ನಿಗೆ ಬಂದದ್ದು 1927ರಲ್ಲಿ. ಮಕ್ಕಳಿಗಾಗಿ ಬರೆಯಿರಿ ಎಂದು ಹಚ್ಚಿಕೊಟ್ಟವರು ಪ್ರಕಾಶಕಿ ಎಡಿತ್ ಯಾಕೋಬ್‌ಸೋನ್. ಆ ಹೊತ್ತಿಗೆ ಅವರು ಪತ್ರಿಕೆಗಳಿಗೆ ಬರೆಯುತ್ತಿದ್ದ ಕವಿ, ವಿಡಂಬನಕಾರ. ಕಾದಂಬರಿಯಲ್ಲೂ ಕೆಸ್ಟ್ನರ್ ಎಂಬ ಪತ್ರಕರ್ತನೊಬ್ಬ ಬರುತ್ತಾನೆ. ಟ್ರಾಮಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲದೆ ಎಮಿಲ್ ಒದ್ದಾಡುವಾಗ ಕಾಸು ಕೊಟ್ಟು, ಕೊನೆಯಲ್ಲಿ ಅವನನ್ನು ಕರೆದೊಯ್ದು ಕೆನೆ ಹಾಕಿದ ಸೇಬಿನ ಕೇಕ್ ತಿನ್ನಿಸುವವನು ಅವನೇ.

ಈಗ ಹುಡುಗಿಯ ಮಾತು. ಎಮಿಲ್‌ನ ಮಾವನ ಮಗಳೋ ಚಿಕ್ಕಮ್ಮನ ಮಗಳೋ, ನಮ್ಮಂತೆ ಬಿಡಿಸಿ ಹೇಳುವ ಅಗತ್ಯ ಜರ್ಮನರಿಗಿಲ್ಲ; ಬರ್ಲಿನ್ನಿನ ಆ ಬಂಧು ಹುಡುಗಿಯ ಹೆಸರು ಪೋನಿ ಹ್ಯೂಟ್‌ಖೆನ್. ಪುಸ್ತಕದಲ್ಲಿ ಅತ್ಯಂತ ಚುರುಕು ನಾಲಗೆ ಅವಳದು. ಸೈಕಲ್ ಹತ್ತಿ ಬರುತ್ತಾಳೆ, ಹುಡುಗರನ್ನು ರೇಗಿಸುತ್ತಾಳೆ, ಅಜ್ಜಿಗೂ ಹುಡುಗರ ಪಡೆಗೂ ನಡುವೆ ಸುದ್ದಿ ಸಾಗಿಸುತ್ತಾಳೆ. ಕಳ್ಳ ಸಿಕ್ಕಿಬೀಳುವ ಗಳಿಗೆಯಲ್ಲಿ ಪೊಲೀಸನನ್ನು ಕರೆತರುವವಳೂ ಅವಳೇ. ಆದರೆ ಹುಡುಗರಿಗೆ ಕಾಫಿ ಮಾಡಿಕೊಡುವ ಮಾತಾಡುತ್ತಾಳೆ, ರಾತ್ರಿಯಾದೊಡನೆ ಮರ್ಯಾದಸ್ಥ ಹುಡುಗಿ ಹಾಸಿಗೆ ಸೇರಬೇಕು ಎಂದು ಹೊರಟುಬಿಡುತ್ತಾಳೆ. ಸಭೆಯಲ್ಲಿ, ಕಾವಲಿನಲ್ಲಿ, ಯೋಜನೆಯಲ್ಲಿ ಅವಳಿಗೆ ಪಾಲಿಲ್ಲ. ಅಂದಿನ ಕಾಲ ಹಾಗಿತ್ತು ಎಂಬ ಸಮಜಾಯಿಷಿ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ 1929ರ ಬರ್ಲಿನ್ನಿನಲ್ಲಿ ಹೆಂಗಸರು ಮತ ಹಾಕುತ್ತಿದ್ದರು, ಕಚೇರಿಗಳಲ್ಲಿ ದುಡಿಯುತ್ತಿದ್ದರು. ಆ ಪುಸ್ತಕವನ್ನು ಬರೆಸಿ ಅಚ್ಚು ಹಾಕಿದವರೂ ಒಬ್ಬ ಹೆಂಗಸು. 2001ರಲ್ಲಿ ಜರ್ಮನಿಯಲ್ಲಿ ತೆಗೆದ ಸಿನಿಮಾದಲ್ಲಿ ಪೋನಿಯನ್ನೇ ಪಡೆಯ ನಾಯಕಿಯನ್ನಾಗಿ ಮಾಡಿದರು. ಈ ಕೊರತೆ ನಿಮಗೆ ಸಿಕ್ಕ ಓದುಗರಿಗೆ ಮಾತ್ರ ಕಂಡದ್ದಲ್ಲ ಎಂದಾಯಿತು. ನಿಮ್ಮ ಮಗಳು ಈ ಪುಟಗಳಲ್ಲಿ ಸಿಟ್ಟಾದರೆ ಸಮಾಧಾನ ಮಾಡಲು ಹೋಗಬೇಡಿ. ಅವಳ ಸಿಟ್ಟು ನ್ಯಾಯವಾದದ್ದು.

ಗುಂಪಿನ ಬಗ್ಗೆ ಭಯಪಟ್ಟ ಓದುಗರ ಅಭಿಪ್ರಾಯವನ್ನು ನಾನು ಹಗುರವಾಗಿ ಕಾಣಲಾರೆ. ಜರ್ಮನಿ, ಮಕ್ಕಳ ದಂಡು, ಗುಪ್ತ ಸಂಕೇತಪದ, ಒಬ್ಬ ಮನುಷ್ಯನನ್ನು ಸುತ್ತುವರಿಯುವುದು: ನಾಲ್ಕೇ ವರ್ಷಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನೆಂದು ತಿಳಿದವರಿಗೆ ಇವೆಲ್ಲ ಒಟ್ಟಾಗಿ ಕಂಡಾಗ ಮೈ ಝುಮ್ಮೆನ್ನುವುದು ಸಹಜ. ಆದರೂ ಆ ದಂಡು ಕೆಲಸ ಮಾಡುವ ರೀತಿಯನ್ನು ನೋಡಬೇಕು. ಯಾರೂ ಆಜ್ಞೆ ಮಾಡುವುದಿಲ್ಲ. ಗುಸ್ತಾವ್ ಎಂಬ ಬರ್ಲಿನ್ ಹುಡುಗನಿಗೆ ಒಂದು ಹಾರ್ನ್ ಇದೆ, ಅದನ್ನು ಊದಿ ಹುಡುಗರನ್ನು ಸೇರಿಸುತ್ತಾನೆ. ಪ್ರೊಫೆಸರ್ ವಾದ ಮಾಡುತ್ತಾನೆ, ಎದುರುವಾದ ಕೇಳುತ್ತಾನೆ. ಕೈಖರ್ಚಿನ ಕಾಸನ್ನೆಲ್ಲ ಒಟ್ಟುಗೂಡಿಸಿ ಎಣಿಸುತ್ತಾರೆ, ತಡವಾಗುತ್ತದೆಂದು ಮನೆಯವರಿಗೆ ತಿಳಿಸುತ್ತಾರೆ. ಹೊಡೆದು ಬಡಿದು ದುಡ್ಡು ಕಿತ್ತುಕೊಳ್ಳುವುದನ್ನು ಯೋಚಿಸಿಯೇ ಬಿಟ್ಟವರು ಇವರು.

ಇವರೆಲ್ಲರಿಗಿಂತ ನನಗೆ ಮುಖ್ಯನಾಗಿ ಕಾಣುವವನು ಪುಟ್ಟ ಡೀನ್‌ಸ್ಟಾಗ್, ಇಂಗ್ಲಿಷ್ ಅನುವಾದಗಳಲ್ಲಿ ಪುಟ್ಟ ಟ್ಯೂಸ್‌ಡೇ. ಅವನ ಮನೆಯಲ್ಲಿ ಟೆಲಿಫೋನ್ ಇದೆ. ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲು ಯಾರಾದರೊಬ್ಬರು ಟೆಲಿಫೋನಿನ ಪಕ್ಕ ಕೂರಲೇಬೇಕು, ಆ ಕೆಲಸ ಅವನ ಪಾಲಿಗೆ ಬರುತ್ತದೆ. ಬೀದಿಯಲ್ಲಿ ಇಷ್ಟೆಲ್ಲ ನಡೆಯುವಾಗ ಅವನು ಏನನ್ನೂ ನೋಡದೆ ಮನೆಯಲ್ಲಿ ಕೂತಿದ್ದಾನೆ. ಎದ್ದು ಓಡಿಬರಲು ಅವನಿಗೆ ಆಸೆಯಿಲ್ಲವೆಂದಲ್ಲ, ಒಪ್ಪಿಕೊಂಡಿದ್ದೇನೆ ಎಂಬ ಒಂದೇ ಕಾರಣಕ್ಕೆ ಕದಲುವುದಿಲ್ಲ. ಕತೆ ಮುಗಿಯುವಾಗ ಅಜ್ಜಿ ಎಲ್ಲರೆದುರು ಎದ್ದುನಿಂತು ಹೊಗಳುವುದು ಕಳ್ಳನನ್ನು ಹಿಡಿದವರಿಗಿಂತ ಹೆಚ್ಚಾಗಿ ಇವನನ್ನು. ದಂಡಿನ ಉನ್ಮಾದವನ್ನು ಮೆಚ್ಚುವ ಲೇಖಕ ಟೆಲಿಫೋನಿನ ಪಕ್ಕ ಒಂಟಿಯಾಗಿ ಕೂತ ಹುಡುಗನಿಗೆ ಈ ಜಾಗ ಕೊಡುತ್ತಿರಲಿಲ್ಲ.

ಮುಂದೆ ನಡೆದದ್ದೂ ಇದನ್ನೇ ಹೇಳುತ್ತದೆ. 1933ರ ಮೇ 10ರಂದು ಬರ್ಲಿನ್ನಿನ ಆಪೆರಾ ಚೌಕದಲ್ಲಿ ನಾಜಿಗಳು ಪುಸ್ತಕಗಳನ್ನು ಸುಟ್ಟಾಗ ಕೆಸ್ಟ್ನರ್ ಹೆಸರನ್ನೂ ಕೂಗಿ ಅವರ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಜನಸಂದಣಿಯಲ್ಲಿ ನಿಂತು ಅವರು ಅದನ್ನು ನೋಡಿದರು. ಎಮಿಲ್ ಮಾತ್ರ ಆಗ ಉಳಿದುಕೊಂಡ, ಅಷ್ಟು ಜನಪ್ರಿಯನಾಗಿದ್ದ. ಚಿತ್ರಗಳನ್ನು ಬರೆದ ವಾಲ್ಟರ್ ಟ್ರೀರ್ ಪ್ರಾಗ್‌ನಲ್ಲಿ ಹುಟ್ಟಿದ ಯೆಹೂದಿ. ಅವರು 1936ರಲ್ಲಿ ಲಂಡನ್ನಿಗೆ ತೆರಳಿ, ಕೊನೆಗೆ ಕೆನಡಾದಲ್ಲಿ ನೆಲೆನಿಂತರು. 1931ರ ಸಿನಿಮಾದಲ್ಲಿ ಪುಟ್ಟ ಡೀನ್‌ಸ್ಟಾಗ್ ಪಾತ್ರ ಮಾಡಿದ ಹಾನ್ಸ್ ಲೋರ್ ಮತ್ತು ಎಮಿಲ್ ಪಾತ್ರ ಮಾಡಿದ ರೋಲ್ಫ್ ವೆಂಕ್‌ಹೌಸ್ ಇಬ್ಬರೂ 1942ರಲ್ಲಿ ಯುದ್ಧದಲ್ಲಿ ಸತ್ತರು. ಇದನ್ನು ಮಗಳಿಗೆ ಈಗಲೇ ಹೇಳಬೇಕಾಗಿಲ್ಲ. ಆದರೆ ಭಯಪಟ್ಟ ಆ ಓದುಗರು ಕಂಡ ನೆರಳು ನಿಜವಾದದ್ದೇ. ಅದು ಪುಸ್ತಕದ ಹೊರಗಿನಿಂದ ಬಿದ್ದದ್ದು, ಅಷ್ಟೇ.

ಆರಂಭ ನಿಧಾನ ಎಂಬುದಕ್ಕೆ ಒಂದೆರಡು ಮಾತು ಸಾಕು. ದಕ್ಷಿಣ ಸಮುದ್ರದ ದ್ವೀಪಗಳ ಕತೆ ಬರೆಯಲು ಹೊರಟಿದ್ದೆ, ತಿಮಿಂಗಿಲಕ್ಕೆ ಎಷ್ಟು ಕಾಲು ಎಂದು ಗೊತ್ತಾಗದೆ ನಿಂತುಹೋಯಿತು ಎಂದು ಲೇಖಕ ಅಲ್ಲಿ ಹರಟುತ್ತಾರೆ. ಹೋಟೆಲಿನ ಮಾಣಿಯೊಬ್ಬ ಗೊತ್ತಿರುವುದನ್ನು ಬರೆಯಿರಿ ಎಂದು ಬುದ್ಧಿ ಹೇಳುತ್ತಾನೆ. ನನಗೆ ಇದು ಬಲು ಇಷ್ಟ, ಕೆಲವು ಮಕ್ಕಳಿಗೆ ಬೇಸರ. ಮಗಳು ಮುಖ ಸಿಂಡರಿಸಿದರೆ ನೇರವಾಗಿ ಎಮಿಲ್ ತಾಯಿಗೆ ಕೆಲಸದಲ್ಲಿ ನೆರವಾಗುವ ಮೊದಲ ಅಧ್ಯಾಯಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ಬರಬಹುದು. ಗೊತ್ತಿರುವುದನ್ನು ಬರೆ ಎಂಬ ಮಾತಿಗೆ ಲೇಖಕ ನಿಷ್ಠರಾಗಿಯೇ ಇದ್ದಾರೆ. ಝೂ ನಿಲ್ದಾಣ, ಕೈಸರ್ ಅಲ್ಲೀ, ಟ್ರೌಟೆನಾವ್ ಬೀದಿಯ ಮೂಲೆ, ನೊಲೆಂಡಾರ್ಫ್ ಚೌಕ, ಎಲ್ಲವೂ ನಿಜವಾದ ಜಾಗಗಳು. ಕೈಸರ್ ಅಲ್ಲೀ ಈಗ ಬುಂಡೆಸ್ ಅಲ್ಲೀ ಆಗಿದೆ. ಬರ್ಲಿನ್ನಿನ ನಕ್ಷೆಯನ್ನು ಮೊಬೈಲಿನಲ್ಲಿ ತೆರೆದು ಕಳ್ಳನ ದಾರಿಯನ್ನು ಬೆರಳಲ್ಲಿ ಹಿಡಿಯುತ್ತಾ ಓದಿದ ಮಕ್ಕಳು ಪುಸ್ತಕ ಕೆಳಗಿಡುವುದಿಲ್ಲ.

ಎಲ್ಲ ಮಕ್ಕಳ ಪತ್ತೇದಾರಿ ಕತೆಗಳಿಗೂ ಇದೇ ಮೂಲ ಎನ್ನುವ ಹೊಗಳಿಕೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಅಮೆರಿಕದಲ್ಲಿ ಹಾರ್ಡಿ ಸಹೋದರರ ಸರಣಿ 1927ರಲ್ಲೇ ಶುರುವಾಗಿತ್ತು. ಆ ಹುಡುಗರು ಹದಿಹರೆಯದವರು, ಅವರ ತಂದೆಯೇ ಹೆಸರಾಂತ ಪತ್ತೇದಾರ. ನಮ್ಮ ಶಾಲಾ ಗ್ರಂಥಾಲಯಗಳಲ್ಲಿ ಕೈಬದಲಾಗುವ ಎನಿಡ್ ಬ್ಲೈಟನ್ ಅವರ ಐವರ ತಂಡ ಹುಟ್ಟಿದ್ದು 1942ರಲ್ಲಿ. ಕೆಸ್ಟ್ನರ್ ಹೊಸದಾಗಿ ತಂದದ್ದು ನಗರದ ಸಾಮಾನ್ಯ ಮಕ್ಕಳನ್ನು, ಅವರ ಬೀದಿಯನ್ನು, ಅವರ ಜೇಬಿನ ಚಿಲ್ಲರೆಯನ್ನು.

ಕೊಳ್ಳುವ ಮುನ್ನ ಎರಡು ವಿಷಯ ನೋಡಿ. ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ, ಮುನ್ನುಡಿಯ ಹರಟೆ ಪೂರ್ತಿ ಇರುವುದನ್ನು ಆರಿಸಿ. ಚಿತ್ರಗಳು ವಾಲ್ಟರ್ ಟ್ರೀರ್ ಅವರವೇ ಆಗಿರಲಿ. ಹಳದಿ ರಕ್ಷಾಪುಟದ ಮೇಲೆ ಖಾಲಿ ಬೀದಿ, ದುಂಡು ಜಾಹೀರಾತು ಕಂಬದ ಮರೆಯಲ್ಲಿ ಇಣುಕುವ ಹುಡುಗರಿಬ್ಬರು, ದೂರದಲ್ಲಿ ಟೊಪ್ಪಿಗೆಯ ಮನುಷ್ಯ. ಅಷ್ಟು ಕಡಿಮೆ ಗೆರೆಗಳಲ್ಲಿ ಅಷ್ಟು ಕುತೂಹಲ ಹುಟ್ಟಿಸುವ ಮುಖಪುಟವನ್ನು ಕಂಡದ್ದು ನನಗೆ ನೆನಪಿಲ್ಲ. ಮೊದಲ ಎರಡು ಮೂರು ಅಧ್ಯಾಯಗಳನ್ನು ನೀವೇ ಗಟ್ಟಿಯಾಗಿ ಓದಿಕೊಡಿ, ಹೆಸರುಗಳು ನಾಲಗೆಗೆ ಹತ್ತಿದ ಮೇಲೆ ಅವಳೇ ಮುಂದಕ್ಕೆ ಓಡುತ್ತಾಳೆ.

ಕೊನೆಯ ಪುಟದಲ್ಲಿ ಇದರಿಂದ ಕಲಿತದ್ದೇನು ಎಂಬ ಚರ್ಚೆ ನಡೆಯುತ್ತದೆ. ಯಾರನ್ನೂ ನಂಬಬಾರದು ಎನ್ನುತ್ತಾನೆ ಎಮಿಲ್. ಮಕ್ಕಳನ್ನು ಒಂಟಿಯಾಗಿ ಕಳಿಸಬಾರದು ಎನ್ನುತ್ತಾಳೆ ತಾಯಿ. ಅವೆಲ್ಲ ಹುಚ್ಚು ಮಾತು, ದುಡ್ಡನ್ನು ಯಾವಾಗಲೂ ಮನಿಯಾರ್ಡರ್ ಮಾಡಬೇಕು ಎಂದು ಅಜ್ಜಿ ತೀರ್ಪು ಕೊಡುತ್ತಾಳೆ. ಮನಿಯಾರ್ಡರ್ ಎಂದರೆ ಏನೆಂದು ಮಗಳು ಕೇಳಿಯೇ ಕೇಳುತ್ತಾಳೆ, ಉತ್ತರ ಸಿದ್ಧವಾಗಿಟ್ಟುಕೊಳ್ಳಿ.

ಎರಡನೆಯ ಭಾಗವೂ ಇದೆ. ಅದರಲ್ಲಿ ಮಕ್ಕಳು ಬಾಲ್ಟಿಕ್ ಸಮುದ್ರದ ದಂಡೆಗೆ ರಜೆಗೆ ಹೋಗುತ್ತಾರೆ, ಎಮಿಲ್‌ನ ತಾಯಿಯನ್ನು ಮದುವೆಯಾಗಲು ಅದೇ ಯೆಶ್ಕೆ ಮುಂದೆ ಬರುತ್ತಾರೆ. ಓಟ ಕಡಿಮೆ, ಮನಸ್ಸಿನ ಹೊಯ್ದಾಟ ಹೆಚ್ಚು. ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ. ಅದಕ್ಕೆ ಅವಳಿಗೆ ಹನ್ನೆರಡಾದರೂ ತುಂಬಲಿ.